ಭಿತ್ತಿಪತ್ರದ ‘ನಾವು’ ಮತ್ತು ಊರಿನ ‘ನಾವು’

ಎರಡನೆಯ ಮಹಾಯುದ್ಧದ ಪಾಠ ಮಾಡುವಾಗಲೆಲ್ಲ ತರಗತಿಯಲ್ಲಿ ಯಾವನಾದರೊಬ್ಬ ಹುಡುಗ ಎದ್ದುನಿಂತು, “ಸರ್, ಆವಾಗ ನಮ್ಮೂರಾಗ ಏನ್ ನಡದಿತ್ರಿ?” ಎಂದು ಕೇಳುತ್ತಿದ್ದ. ಪಠ್ಯಪುಸ್ತಕದಲ್ಲಿ ಹಿಟ್ಲರನಿದ್ದ, ಚರ್ಚಿಲ್ ಇದ್ದ, ಕದರಮಂಡಲಗಿ ಇರಲಿಲ್ಲ. “ಆಮೇಲೆ ಹೇಳತೀನಿ, ಕೂಡು” ಎಂದು ಪಾಠ ಮುಂದುವರಿಸುತ್ತಿದ್ದೆ. ನಿವೃತ್ತಿಯ ಬಿಡುವಿನಲ್ಲಿ ಆ ಹಳೆಯ ಸಾಲವನ್ನು ತೀರಿಸುವ ಪ್ರಯತ್ನವಿದು.

ನಮ್ಮೂರು ಕಾಂತೇಶನ ಊರು. ಕದರಮಂಡಲಗಿಯ ಕಾಂತೇಶ, ಸಾತೇನಹಳ್ಳಿಯ ಶಾಂತೇಶ, ಶಿಕಾರಿಪುರದ ಭ್ರಾಂತೇಶ, ಈ ಮೂವರು ಹನುಮರನ್ನು ಒಂದೇ ದಿನ ದರ್ಶಿಸಿದರೆ ಪುಣ್ಯವೆಂದು ಜನ ಇಂದಿಗೂ ಬರುತ್ತಾರೆ. ಯುದ್ಧಕಾಲದಲ್ಲಿ ಈ ಭಾಗ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿತ್ತು. ಇಲ್ಲಿ ಬಾಂಬು ಬೀಳಲಿಲ್ಲ. ಆದರೆ ಯುದ್ಧವು ಚಿಮಣಿ ಎಣ್ಣೆಯ ಕೊರತೆಯಾಗಿ, ಏರಿದ ಬೆಲೆಯಾಗಿ, ಕೈಯೊಳಗಿನ ಕಾಸಾಗಿ ಮನೆಮನೆಯನ್ನು ಹೊಕ್ಕಿತು. 1940ರಲ್ಲಿ ಸರಕಾರವು ರೂಪಾಯಿಯ ಬೆಳ್ಳಿಯನ್ನು ಹನ್ನೆರಡರಲ್ಲಿ ಹನ್ನೊಂದು ಪಾಲಿನಿಂದ ಅರ್ಧಕ್ಕೆ ಇಳಿಸಿತು. 1943ರಲ್ಲಿ ಲೋಹ ಉಳಿಸಲೆಂದು ನಡುವೆ ತೂತಿರುವ ಕಾಸನ್ನು ಹೊರತಂದಿತು. ಅಂಥದೊಂದು ಕಾಸು ನಮ್ಮ ಅಜ್ಜಿಯ ಬಳಿ ಇತ್ತು. “ರೊಕ್ಕದಾಗೂ ತೂತು ಬಿತ್ತಪಾ” ಎಂದು ಅದನ್ನು ತೋರಿಸುತ್ತಿದ್ದಳು. ಅವಳ ಪಾಲಿಗೆ ಮಹಾಯುದ್ಧದ ಇತಿಹಾಸವೆಲ್ಲ ಆ ಒಂದು ಮಾತಿನಲ್ಲಿತ್ತು.

ಹೀಗೆ ಕಷ್ಟಕ್ಕೆ ಸಿಲುಕಿದ ಜನರ ಮನಃಸ್ಥೈರ್ಯವನ್ನು ಕಾಯುವುದು ಹೇಗೆ? ಯುದ್ಧನಿರತ ಸರಕಾರಗಳೆಲ್ಲ ಕಂಡುಕೊಂಡ ಉಪಾಯವೆಂದರೆ ಭಿತ್ತಿಪತ್ರ. ಇಂಗ್ಲೆಂಡಿನಲ್ಲಿ 1939ರಲ್ಲಿಯೇ ಮೂರು ಬಗೆಯ ಭಿತ್ತಿಪತ್ರಗಳು ಮುದ್ರಣಗೊಂಡವು. ‘ಶಾಂತರಾಗಿರಿ, ನಿಮ್ಮ ಕೆಲಸ ಮುಂದುವರಿಸಿರಿ’ ಎಂಬ ಒಂದು ಇಂದು ಚಹಾದ ಕಪ್ಪುಗಳ ಮೇಲೂ ಕಾಣುತ್ತದೆ. ಆದರೆ ಸುಮಾರು 25 ಲಕ್ಷ ಪ್ರತಿ ಅಚ್ಚಾಗಿದ್ದರೂ ಯುದ್ಧಕಾಲದಲ್ಲಿ ಅದನ್ನು ಬಳಸಿದ್ದು ಅತಿ ವಿರಳ. ಗೋಡೆಗಳನ್ನು ತುಂಬಿದ್ದು ಬೇರೊಂದು: ‘ನಿಮ್ಮ ಧೈರ್ಯ, ನಿಮ್ಮ ಉಲ್ಲಾಸ, ನಿಮ್ಮ ದೃಢಸಂಕಲ್ಪ ನಮಗೆ ವಿಜಯ ತರುವುದು’ ಎಂಬ ಅರ್ಥದ ಘೋಷಣೆ. ವ್ಯಾಕರಣ ಕಲಿಸಿದವರಿಗೆ ಇದರ ದೋಷ ತಕ್ಷಣ ಹೊಳೆಯುತ್ತದೆ. ಕಷ್ಟ ‘ನಿಮ್ಮದು’, ವಿಜಯ ‘ನಮ್ಮದು’! ಆಂಗ್ಲರೇ ಇದನ್ನು ಓದಿ ಮುನಿದರು. ಮೂರನೆಯದು ‘ಸ್ವಾತಂತ್ರ್ಯ ಅಪಾಯದಲ್ಲಿದೆ, ಸರ್ವಶಕ್ತಿಯಿಂದ ಅದನ್ನು ರಕ್ಷಿಸಿರಿ’ ಎನ್ನುತ್ತಿತ್ತು. ಸ್ವಾತಂತ್ರ್ಯವೇ ಇಲ್ಲದ ಭಾರತದಲ್ಲಿ ಈ ಮಾತಿಗೆ ಏನರ್ಥ?

ಸ್ವದೇಶದಲ್ಲಿಯೇ ಎಡವಿದ ಆ ಸರ್ವನಾಮ ಇಲ್ಲಿ ನಿಲ್ಲುವುದಾದರೂ ಹೇಗೆ? 1939ರ ಸೆಪ್ಟೆಂಬರ್ 3ರಂದು ವೈಸರಾಯ್ ಲಿನ್‌ಲಿತ್‌ಗೋ ಭಾರತೀಯರ ಪ್ರತಿನಿಧಿಗಳನ್ನು ಒಂದು ಮಾತು ಕೇಳದೆ ಭಾರತವನ್ನು ಯುದ್ಧಕ್ಕೆ ಎಳೆದರು. ಕಾಂಗ್ರೆಸ್ ಮಂತ್ರಿಮಂಡಲಗಳು ರಾಜೀನಾಮೆ ಕೊಟ್ಟವು. ಮುಂಬಯಿಯ ಬಾಳಾಸಾಹೇಬ ಖೇರರ ಸರಕಾರವೂ ಅಧಿಕಾರ ಬಿಟ್ಟಿತು. ಆಮೇಲೆ ಸರಕಾರ ಭಿತ್ತಿಪತ್ರ ಅಂಟಿಸಿತು, ರೇಡಿಯೋದಲ್ಲಿ ಕರೆಯಿತ್ತಿತು. 1942ರ ಫೆಬ್ರುವರಿ 15ರಂದು ಸಿಂಗಪುರ, ಮಾರ್ಚ್ 8ರಂದು ರಂಗೂನು ಜಪಾನಿಗೆ ಸೋತವು. ಏಪ್ರಿಲ್ 6ರಂದು ವಿಶಾಖಪಟ್ಟಣ, ಕಾಕಿನಾಡಗಳ ಮೇಲೆ ಬಾಂಬು ಬಿದ್ದವು. ವದಂತಿ, ಭೀತಿಗಳನ್ನು ಎದುರಿಸಲು ಆ ವರ್ಷವೇ ‘ರಾಷ್ಟ್ರೀಯ ಯುದ್ಧರಂಗ’ ಎಂಬ ಪ್ರಚಾರ ಸಂಸ್ಥೆ ಹುಟ್ಟಿತು. ಆದರೆ 1941ರ ಜನಗಣತಿಯಲ್ಲಿ ದೇಶದ ಅಕ್ಷರಸ್ಥರು ನೂರಕ್ಕೆ ಸುಮಾರು 16 ಮಾತ್ರ. ಓದಬಲ್ಲವರೋ, ಅಂಚೆ ಕಚೇರಿಯ ಉಳಿತಾಯದ ಹಣವನ್ನು ಹಿಂದಕ್ಕೆ ಪಡೆಯಲು ಸಾಲುಗಟ್ಟಿದರು. ಜನರ ನಂಬಿಕೆ ಎಷ್ಟಿತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಇದಕ್ಕೆ ಎದುರಾಗಿ ಇನ್ನೊಂದು ಪ್ರಚಾರ ನಡೆದಿತ್ತು. ಅದಕ್ಕೆ ಬಣ್ಣದ ಚಿತ್ರವಿರಲಿಲ್ಲ, ಸರಕಾರಿ ಮುದ್ರಣಾಲಯವಿರಲಿಲ್ಲ. 1940ರ ಅಕ್ಟೋಬರದಲ್ಲಿ ವಿನೋಬಾ ಭಾವೆಯವರಿಂದ ಆರಂಭವಾದ ವೈಯಕ್ತಿಕ ಸತ್ಯಾಗ್ರಹದಲ್ಲಿ ಸತ್ಯಾಗ್ರಹಿಗಳು ಊರೂರಿಗೆ ನಡೆದು, ಯುದ್ಧಕ್ಕೆ ಜನವನ್ನಾಗಲಿ ಧನವನ್ನಾಗಲಿ ಕೊಡಬೇಡಿರೆಂದು ಬಾಯಿಮಾತಿನಲ್ಲಿ ಸಾರಿ ಸೆರೆಮನೆ ಸೇರಿದರು. 1942ರ ಆಗಸ್ಟಿನಲ್ಲಿ ‘ಮಾಡು ಇಲ್ಲವೆ ಮಡಿ’ ಎಂಬ ಮಂತ್ರ ಹಳ್ಳಿಗಳನ್ನು ತಲುಪಿತು. ನಮ್ಮ ತಾಲೂಕಿನವರೇ ಆದ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರು ಅದನ್ನು ಅಕ್ಷರಶಃ ಪಾಲಿಸಿದರು. 1911ರಲ್ಲಿ ಜನಿಸಿದ ಇವರು 1930ರ ದಾಂಡಿಯಾತ್ರೆಯಲ್ಲಿ ಗಾಂಧೀಜಿಯವರೊಂದಿಗೆ ನಡೆದ ಏಕೈಕ ಕನ್ನಡಿಗರು. ಭೂಗತರಾಗಿ ಸಂಗಡಿಗರನ್ನು ಕಟ್ಟಿಕೊಂಡು ಸರಕಾರದ ಆಡಳಿತವನ್ನು ಕಂಗೆಡಿಸಿದರು. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಕಂದಾಯದ ಹಣವಿದ್ದ ಸ್ಥಳದ ಮೇಲೆ ದಾಳಿ ಮಾಡಿದಾಗ ಪೊಲೀಸರ ಗುಂಡಿಗೆ ಬಲಿಯಾದರು. ಅವರೊಂದಿಗೆ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಎಂಬಿಬ್ಬರೂ ಪ್ರಾಣವಿತ್ತರು. ಮಹಾದೇವಪ್ಪನವರಿಗೆ ಆಗ ಮೂವತ್ತೆರಡೂ ತುಂಬಿರಲಿಲ್ಲ.

ಇಲ್ಲಿ ಒಂದು ಮಾತನ್ನು ನ್ಯಾಯಕ್ಕಾಗಿ ಹೇಳಲೇಬೇಕು. ಅದೇ ಯುದ್ಧಕ್ಕೆ ಸುಮಾರು 25 ಲಕ್ಷ ಭಾರತೀಯರು ಸೇನೆ ಸೇರಿದರು. ಅವರೆಲ್ಲ ಭಿತ್ತಿಪತ್ರಕ್ಕೆ ಮರುಳಾದವರೆಂದೋ ದೇಶದ್ರೋಹಿಗಳೆಂದೋ ತಿಳಿಯುವುದು ತಪ್ಪು. ತಿಂಗಳ ಸಂಬಳ ಅನೇಕರ ಮನೆಯ ಒಲೆ ಉರಿಸಿತು. ಫ್ಯಾಸಿಸಂ ಸೋಲಬೇಕೆಂದು ನಿಜವಾಗಿ ನಂಬಿದವರೂ ಇದ್ದರು. ಮಗ ರಣರಂಗದಲ್ಲಿದ್ದ ತಾಯಿಯ ಕಣ್ಣೀರಿಗೂ, ಮಗ ಸೆರೆಮನೆಯಲ್ಲಿದ್ದ ತಾಯಿಯ ಕಣ್ಣೀರಿಗೂ ಭೇದವಿಲ್ಲ. ತರಗತಿಯಲ್ಲಿ ನಾನು ಇದನ್ನು ಸಾಕಷ್ಟು ಒತ್ತಿ ಹೇಳಲಿಲ್ಲವೆಂಬ ಕೊರಗು ಈಗ ನನಗಿದೆ.

ಆದರೂ ಆ ಹುಡುಗನ ಪ್ರಶ್ನೆಗೆ ನನ್ನ ಉತ್ತರ ಇಷ್ಟು: ಮನೋಬಲವನ್ನು ಗೋಡೆಗೆ ಅಂಟಿಸಲು ಬರುವುದಿಲ್ಲ. ‘ಇದು ನಮ್ಮದು’ ಎಂದು ಜನ ತಾವಾಗಿ ಅಂದುಕೊಂಡಾಗ ಅದು ಒಳಗಿನಿಂದ ಹುಟ್ಟುತ್ತದೆ; ಅಂದುಕೊಳ್ಳದಿದ್ದರೆ ಎಂಥ ಚಿತ್ರವೂ ಅದನ್ನು ಹುಟ್ಟಿಸಲಾರದು. ಯುದ್ಧಕಾಲದ ಆ ಭಿತ್ತಿಪತ್ರಗಳು ಮಳೆಗಾಳಿಗೆ ಕರಗಿಹೋದವು. ಹಾವೇರಿಯ ರೈಲು ನಿಲ್ದಾಣದ ಫಲಕದಲ್ಲಿ ಇಂದು ಮೈಲಾರ ಮಹಾದೇವಪ್ಪನವರ ಹೆಸರಿದೆ. ರೈಲಿಳಿದು ಕಾಂತೇಶನ ದರ್ಶನಕ್ಕೆ ಬರುವವರು ಒಂದು ಕ್ಷಣ ನಿಂತು ಅದನ್ನು ಓದಿಕೊಂಡು ಬರಲಿ.