ಪಿಟೀಲಿನ ಒಡಲೊಳಗಿನ ಹೆಸರು

ಪಿಟೀಲಿನ ಮೇಲ್ಹಲಗೆಯಲ್ಲಿ ಕೊರೆದಿರುವ ಎರಡು ಸೀಳುಗಳ ಪೈಕಿ ಎಡಗಡೆಯದರೊಳಕ್ಕೆ ಬೆಳಕು ಹಿಡಿದು ಇಣುಕಿದರೆ, ಬೆನ್ನುಹಲಗೆಯ ಒಳಮೈಗೆ ಅಂಟಿಸಿದ ಒಂದು ಚೀಟಿ ಕಾಣುವುದುಂಟು. ಮಾಡಿದವನ ಹೆಸರು, ಊರು, ವರ್ಷ ಅದರಲ್ಲಿರುತ್ತವೆ. ನಮ್ಮ ಓಲೆಗರಿಯ ಕಟ್ಟುಗಳ ಕೊನೆಯಲ್ಲಿ ಲಿಪಿಕಾರ ಬರೆದಿಡುವ ಮಾತಿಗೆ ಇದು ಸಮಾನ. ಹಳಗನ್ನಡ ಕಾವ್ಯಗಳ ಪಾಠಾಂತರಗಳ ನಡುವೆ ವೃತ್ತಿ ಸವೆಸಿದ ನನ್ನಂಥವನಿಗೆ ಇಂಥ ಚೀಟಿ ಎಂದರೆ ಮೊದಲು ಹುಟ್ಟುವುದು ಸಂಶಯ. ಹೆಸರಿದ್ದ ಮಾತ್ರಕ್ಕೆ ಕೆಲಸವೆಲ್ಲ ಅವನೊಬ್ಬನದೇ ಆಗಬೇಕೆಂದಿಲ್ಲ. ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಸಿದಳೆಂದು ನಾವೆಲ್ಲ ತರಗತಿಯಲ್ಲಿ ಹೇಳಿದ್ದೇವೆ. ಬರೆದ ಕೈಗಳು ಯಾರವೆಂದು ಕೇಳಿದವರು ಕಡಮೆ.

ಪಿಟೀಲಿನ ತವರೆನಿಸಿದ ಇಟಲಿಯ ಕ್ರೆಮೋನ ಪಟ್ಟಣದಲ್ಲಿ ಅಮಾತಿ, ಸ್ಟ್ರಾಡಿವಾರಿ, ಗ್ವಾರ್ನೇರಿ ಮನೆತನಗಳ ಕಮ್ಮಟಗಳು ಅವರವರ ಮನೆಗಳೇ ಆಗಿದ್ದವು. ಅಂಟು ಕಾಯುತ್ತಿದ್ದ ಒಲೆಯೂ ಅನ್ನ ಬೇಯುತ್ತಿದ್ದ ಒಲೆಯೂ ಬಹು ದೂರವಿದ್ದಿರಲಾರವು. ಆದರೆ ಚೀಟಿಗಳಲ್ಲಿ ಕಾಣುವುದು ತಂದೆ, ಮಗ, ಮೊಮ್ಮಗ; ಅಷ್ಟೆ. ಸ್ಟ್ರಾಡಿವಾರಿಗೆ ಸರಿಜೋಡಿ ಎನ್ನಿಸಿಕೊಂಡ ಜುಸೆಪ್ಪೆ ಗ್ವಾರ್ನೇರಿ 1722ರಲ್ಲಿ ಕತರೀನ ರೋಟ ಎಂಬವಳನ್ನು ಮದುವೆಯಾದ. ಈತನ ಕೊನೆಗಾಲದ ಕೆಲವು ವಾದ್ಯಗಳಲ್ಲಿ ಹೆಂಡತಿಯ ಕೈ ಇದ್ದಿರಬೇಕೆಂದು ತಜ್ಞರಲ್ಲಿ ಕೆಲವರು ತರ್ಕಿಸಿದ್ದಾರೆ. ತರ್ಕ ತರ್ಕವೇ; ನಾನು ಅದನ್ನು ಪ್ರಮಾಣವೆನ್ನಲಾರೆ. ಅದನ್ನು ಒಪ್ಪಿಸುವ ಅವಸರವೂ ನನಗಿಲ್ಲ. ಅನುಮಾನಕ್ಕೆ ಎಡೆಯಿಲ್ಲದ ಹೆಂಗಸರು ಇಪ್ಪತ್ತನೆಯ ಶತಮಾನದಲ್ಲೇ ಸಿಕ್ಕುತ್ತಾರೆ.

ಓಲ್ಗ ಆಡೆಲ್ಮಾನ್ 1913ರಲ್ಲಿ ಹುಟ್ಟಿದವರು. ಬರ್ಲಿನ್ನಿನ ಓಟ್ಟೊ ಮೊಕೆಲ್ ಎಂಬ ಹೆಸರಾಂತ ಕುಶಲಿಯ ಬಳಿ ಕಸುಬು ಕಲಿತು, 1940ರಲ್ಲಿ ಪಿಟೀಲು ತಯಾರಿಕೆಯ ಮಾಸ್ಟರ್ ಪದವಿಯನ್ನು ಪಡೆದರು. ಜರ್ಮನಿಯಲ್ಲಿ ಆ ಪದವಿ ಪಡೆದ ಮೊದಲ ಹೆಂಗಸು ಈಕೆಯೇ. ಮುಂದೆ ಬರ್ಲಿನ್ನಿನ ವಾದ್ಯ ಸಂಗ್ರಹಾಲಯದಲ್ಲಿ ಹಳೆಯ ವಾದ್ಯಗಳ ಜೀರ್ಣೋದ್ಧಾರಕ್ಕೆ ನಿಂತರು.

ಜೀರ್ಣೋದ್ಧಾರವೆಂದರೇನೆಂದು ಸ್ವಲ್ಪ ಹೇಳಬೇಕು. ಪಿಟೀಲನ್ನು ಕಟ್ಟುವುದು ಚರ್ಮದಿಂದ ಕಾಸಿದ ಅಂಟಿನಿಂದ, ಮೊಳೆಯಿಂದಲ್ಲ. ಮರ ಬಿರಿಯುವುದಕ್ಕೆ ಮುನ್ನ ಅಂಟು ಬಿಡಬೇಕು ಎಂಬುದೇ ಅದರ ಮರ್ಮ. ಆದ್ದರಿಂದ ತೆಳ್ಳನೆಯ ಚೂರಿಯನ್ನು ಅಂಚಿನಲ್ಲಿ ಮೆಲ್ಲಗೆ ನಡೆಸಿ, ಮೇಲ್ಹಲಗೆಯನ್ನು ಪೆಟ್ಟಿಗೆಯ ಮುಚ್ಚಳದಂತೆ ಎತ್ತಬಹುದು. ಬಿರುಕನ್ನು ಕೂಡಿಸಿ, ಒಳಗಡೆಯಿಂದ ಸಣ್ಣ ಮರದ ಬಿಲ್ಲೆಗಳನ್ನು ಕೊಟ್ಟು, ಮತ್ತೆ ಮುಚ್ಚುತ್ತಾರೆ. ಹಳೆಯ ಮೆರುಗೆಣ್ಣೆಯನ್ನು ಕೆರೆದು ಹೊಸದನ್ನು ಬಳಿಯುವವನು ಗ್ರಂಥಪಾತವಾದೆಡೆಯಲ್ಲಿ ತನ್ನದೇ ಪದ್ಯ ಹೊಸೆದು ಸೇರಿಸುವ ಸಂಪಾದಕನ ಹಾಗೆ. ಒಳ್ಳೆಯವನು ತನ್ನ ಕೈಯನ್ನು ಅಡಗಿಸಿಕೊಳ್ಳುತ್ತಾನೆ.

ವಾದ್ಯದ ಒಡಲನ್ನು ಕಾಣುವ ಅವಕಾಶ ನುಡಿಸುವವನಿಗಿಲ್ಲ, ಕೊಳ್ಳುವವನಿಗಿಲ್ಲ. ದುರಸ್ತಿ ಮಾಡುವವರಿಗೆ ಮಾತ್ರ ಉಂಟು. ಆಡೆಲ್ಮಾನ್ ಅದನ್ನು ವ್ಯರ್ಥ ಮಾಡಲಿಲ್ಲ. ಹದಿನೇಳನೆಯ ಶತಮಾನದ ಕೆಲವು ವಾದ್ಯಗಳಲ್ಲಿ ಪಕ್ಕೆಯ ಪಟ್ಟಿಗಳನ್ನು ಬೆನ್ನುಹಲಗೆಯಲ್ಲಿ ಕೊರೆದ ಗಾಡಿಯೊಳಗೆ ಕೂರಿಸಿದ್ದರು. ಕೊರಳೂ ಒಳಗಿನ ದಿಮ್ಮಿಯೂ ಒಂದೇ ಮರದ ತುಂಡು. ಮಂದ್ರತಂತಿಯ ಕೆಳಗಿನ ತೊಲೆಯನ್ನು ಅಂಟಿಸದೆ ಮೇಲ್ಹಲಗೆಯಲ್ಲೇ ಕಡೆದು ಬಿಟ್ಟಿದ್ದರು. ಕ್ರೆಮೋನದ ರೀತಿ ಇದಲ್ಲ. ದಕ್ಷಿಣ ಜರ್ಮನಿಯ ಕಪ್ಪುಕಾಡಿನಲ್ಲೂ ಸ್ವಿಟ್ಸರ್ಲೆಂಡಿನಲ್ಲೂ ಪ್ರತ್ಯೇಕವಾದ ಒಂದು ಪರಂಪರೆ ಇತ್ತೆಂದು ಈಕೆ ಸಾಧಿಸಿದರು. ಹಾನ್ಸ್ ಕ್ರೌಖ್‌ಡಾಲರ್, ಫ್ರಾಂಟ್ಸ್ ಸ್ಟ್ರೌಬ್ ಮೊದಲಾದವರ ಆ ಸಂಪ್ರದಾಯಕ್ಕೆ 'ಅಲೆಮಾನಿ ಪಂಥ' ಎಂದು ಹೆಸರಿಟ್ಟು ಬರೆದ ಪುಸ್ತಕ 1990ರಲ್ಲಿ ಹೊರಬಂತು. ಆಗ ಈಕೆಗೆ ಎಪ್ಪತ್ತೇಳು ವರ್ಷ. ತನಗೆ ಚೀಟಿಯಿಲ್ಲದ ಕೆಲಸ ಮಾಡಿದ ಹೆಂಗಸೊಬ್ಬಳು ಮರೆತುಹೋದ ಗಂಡಸರಿಗೆ ಹೆಸರು ಮರಳಿಸಿದಂತಾಯಿತು.

ಇನ್ನೊಬ್ಬಾಕೆಯ ದಾರಿ ಬೇರೆ, ಅದಕ್ಕೆ ಪೂರ್ವಕಥೆಯೊಂದಿದೆ. ಲೋಹದ ತಗಡಿನ ಮೇಲೆ ಮರಳುದುರಿಸಿ ಅಂಚಿಗೆ ಕಮಾನು ಎಳೆದರೆ, ತಗಡು ಮಿಡಿಯುವೆಡೆಯಿಂದ ಮರಳು ಸರಿದು, ಮಿಡಿಯದ ಗೆರೆಗಳಲ್ಲಿ ರಂಗವಲ್ಲಿಯಂತೆ ನಿಲ್ಲುತ್ತದೆ. ಜರ್ಮನಿಯ ಕ್ಲಾಡ್ನಿ 1787ರಲ್ಲಿ ಇದನ್ನು ಪ್ರಕಟಿಸಿದ. ಇದಕ್ಕೆ ಗಣಿತ ಕಟ್ಟಿದವರಿಗೆ ಬಹುಮಾನವೆಂದು ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿ ಸಾರಿತು. ಮೂರನೆಯ ಯತ್ನದಲ್ಲಿ, 1816ರಲ್ಲಿ, ಅದನ್ನು ಗೆದ್ದವಳು ಸೋಫಿ ಜರ್ಮೇನ್. ಹೆಂಗಸೆಂಬ ಕಾರಣಕ್ಕೆ ಪಾಲಿಟೆಕ್ನಿಕ್ಕಿನ ಬಾಗಿಲು ಮುಚ್ಚಿದ್ದರಿಂದ, ಪಾಠದ ಟಿಪ್ಪಣಿಗಳನ್ನು ತರಿಸಿಕೊಂಡು ಗಂಡಸಿನ ಹೆಸರಿನಲ್ಲಿ ಉತ್ತರ ಬರೆದವಳು ಈಕೆ. ಅವಳ ಗಣಿತದಲ್ಲಿ ಲೋಪಗಳಿದ್ದವು, ಮುಂದಿನವರು ತಿದ್ದಿದರು. ಆದರೂ ದಾರಿ ತೆರೆದವಳು ಅವಳೇ.

ಆ ರಂಗವಲ್ಲಿಯನ್ನು ಪಿಟೀಲಿನ ಹಲಗೆಯ ಮೇಲೆ ಹಟಹಿಡಿದು ಬರೆದವರು ಅಮೆರಿಕದ ಕಾರ್ಲೀನ್ ಹಚಿನ್ಸ್. 1911ರಲ್ಲಿ ಹುಟ್ಟಿ, ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಜೀವಶಾಸ್ತ್ರ ಓದಿ, ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದ ಗೃಹಿಣಿ. ಟ್ರಂಪೆಟ್ ಊದುತ್ತಿದ್ದವರು ಸ್ನೇಹಿತರೊಡನೆ ನುಡಿಸಲೆಂದು ವಿಯೋಲ ಹಿಡಿದರು. ಕೊಂಡ ವಾದ್ಯದ ನಾದ ಹಿಡಿಸಲಿಲ್ಲ. ತಾವೇ ಒಂದನ್ನು ಮಾಡತೊಡಗಿ 1949ರ ವೇಳೆಗೆ ಮುಗಿಸಿದರು. ಆಮೇಲೆ ಕಾರ್ಲ್ ಬರ್ಗರ್ ಎಂಬ ಕುಶಲಿಯಲ್ಲಿ, ಮುಂದೆ ಜೀರ್ಣೋದ್ಧಾರದಲ್ಲಿ ಅಗ್ರಗಣ್ಯನಾದ ಸಿಮೋನೆ ಸಕ್ಕೋನಿಯಲ್ಲಿ ಶಿಷ್ಯವೃತ್ತಿ ಮಾಡಿದರು. ಹಾರ್ವರ್ಡಿನಿಂದ ನಿವೃತ್ತರಾದ ಭೌತವಿಜ್ಞಾನಿ ಫ್ರೆಡರಿಕ್ ಸಾಂಡರ್ಸ್ ಪ್ರಯೋಗಕ್ಕೆ ವಾದ್ಯಗಳನ್ನು ಹುಡುಕುತ್ತಿದ್ದರು. ಸ್ಟ್ರಾಡಿವಾರಿಯನ್ನು ಕೊರೆಯಲು ಯಾರು ಬಿಟ್ಟಾರು? ಕತ್ತರಿಸಿ ನೋಡಲೆಂದೇ ಹಚಿನ್ಸ್ ವಾದ್ಯ ಮಾಡಿಕೊಟ್ಟರು. ನ್ಯೂಜೆರ್ಸಿಯ ಮಾಂಟ್‌ಕ್ಲೇರಿನ ಮನೆಯೇ ಪ್ರಯೋಗಶಾಲೆಯಾಯಿತು. ಇಲ್ಲಿಯೂ ಮನೆಯೇ ಎಂಬುದನ್ನು ಗಮನಿಸಿ. ಆದರೆ ಈ ಸಲ ಹೆಸರು ಮನೆಯೊಡತಿಯದು.

ಹಿಂದಿನ ಕುಶಲಿಗಳು ಹಲಗೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ, ಕಿವಿಗೊಟ್ಟು, ಇನ್ನಷ್ಟು ಹೆರೆಯುತ್ತಿದ್ದರು. ಹಚಿನ್ಸ್ ಹಲಗೆಯ ಕೆಳಗೆ ಧ್ವನಿವರ್ಧಕವಿಟ್ಟು, ಮೇಲೆ ಪುಡಿ ಉದುರಿಸಿ, ಒಂದೊಂದು ಸ್ವರಕ್ಕೂ ಮೂಡುವ ಆಕೃತಿಯನ್ನು ನೋಡಿ ಹೆರೆದರು. ಕಿವಿಯ ಗುಟ್ಟು ಕಣ್ಣಿಗೆ ಬಂತು. ಈ ವಿಚಾರದ ಅವರ ಲೇಖನ 1981ರ ಅಕ್ಟೋಬರಿನಲ್ಲಿ 'ಸೈಂಟಿಫಿಕ್ ಅಮೆರಿಕನ್' ಪತ್ರಿಕೆಯಲ್ಲಿ ಬಂತು. 1963ರಲ್ಲಿ ಸ್ನೇಹಿತರೊಡನೆ ಸ್ಥಾಪಿಸಿದ ಸಂಘಕ್ಕೆ 'ಕ್ಯಾಟ್‌ಗಟ್ ಅಕೌಸ್ಟಿಕಲ್ ಸೊಸೈಟಿ' ಎಂದು ಹೆಸರು. (ಕ್ಯಾಟ್‌ಗಟ್ ಎಂಬುದು ಕುರಿಯ ಕರುಳಿನ ತಂತಿ, ಬೆಕ್ಕಿಗೂ ಅದಕ್ಕೂ ಸಂಬಂಧವಿಲ್ಲ.) ಅದರ ಸ್ಥಾಪಕರಲ್ಲೊಬ್ಬರಾದ ಜಾನ್ ಶೆಲ್ಲೆಂಗ್ ಕಮಾನಿನ ಒತ್ತಡವನ್ನು ಲೆಕ್ಕ ಹಾಕುವಾಗ ಮುಂದುವರಿಸಿದ್ದು ನಮ್ಮ ರಾಮನ್ ಅವರ ಕೆಲಸವನ್ನು. ಬೆಂಗಳೂರಿಗೆ ಬರುವುದಕ್ಕೆ ಬಹಳ ಮೊದಲೇ, 1918ರಲ್ಲಿ, ರಾಮನ್ ಕಲ್ಕತ್ತೆಯಲ್ಲಿ ಪಿಟೀಲಿನ ತಂತಿಯ ಕಂಪನವನ್ನು ಕುರಿತು ದೊಡ್ಡ ಪ್ರಬಂಧ ಪ್ರಕಟಿಸಿದ್ದರು.

ಹಚಿನ್ಸರ ದೊಡ್ಡ ಸಾಹಸ ಎಂಟು ವಾದ್ಯಗಳ ಸಂಸಾರ. ಪಿಟೀಲಿನಲ್ಲಿ ಒಳಗಾಳಿಯ ಅನುರಣನ ಒಂದು ತಂತಿಯ ಬಳಿ, ಮರದ ಅನುರಣನ ಮತ್ತೊಂದು ತಂತಿಯ ಬಳಿ ಬೀಳುತ್ತದೆ. ಅದರ ಸೊಗಸಿಗೆ ಅದೊಂದು ಕಾರಣ. ವಿಯೋಲಕ್ಕೆ ಆ ಭಾಗ್ಯವಿಲ್ಲ. ಲೆಕ್ಕದಂತೆ ಅದರ ಒಡಲು ಇಪ್ಪತ್ತೊಂದು ಅಂಗುಲವಿರಬೇಕು. ತೋಳಿಗೆ ನಿಲುಕಲೆಂದು ಹದಿನಾರು ಹದಿನೇಳಕ್ಕೆ ಇಳಿಸಿದ್ದಾರೆ. ಸಂಗೀತ ರಚನಕಾರ ಹೆನ್ರಿ ಬ್ರಾಂಟ್‌ನ ಬಯಕೆಯಂತೆ, ಪಿಟೀಲಿಗಿಂತ ಒಂದು ಸ್ಥಾಯಿ ಮೇಲಿನಿಂದ ಹಿಡಿದು ಅತಿ ಮಂದ್ರದವರೆಗೆ ಎಂಟು ವಾದ್ಯಗಳನ್ನು ಈಕೆ ಪಿಟೀಲಿನ ಪ್ರಮಾಣದಲ್ಲೇ ರೂಪಿಸಿದರು. 1965ರಲ್ಲಿ ನ್ಯೂಯಾರ್ಕಿನಲ್ಲಿ ಅವುಗಳ ಮೊದಲ ಕಚೇರಿ ನಡೆಯಿತು.

ಜಗತ್ತು ಅದನ್ನು ತಲೆಯ ಮೇಲೆ ಹೊತ್ತು ಕುಣಿಯಲಿಲ್ಲ. ಬರೆದ ಕೃತಿಗಳಿಲ್ಲದ ವಾದ್ಯವನ್ನು ಕಲಿಯುವವರು ಯಾರು? ಕಲಿತವರಿಲ್ಲದ ವಾದ್ಯಕ್ಕೆ ಬರೆಯುವವರು ಯಾರು? ನಮ್ಮ ಚೌಡಯ್ಯನವರು ಸಭಾಂಗಣದ ಕಟ್ಟಕಡೆಗೂ ನಾದ ಮುಟ್ಟಲೆಂದು ಏಳು ತಂತಿಯ ಪಿಟೀಲನ್ನು ಮಾಡಿಸಿ ನುಡಿಸಿದರು. ಮೈಸೂರು ಮೆಚ್ಚಿತು, ಆದರೆ ಏಳು ತಂತಿ ಎಲ್ಲರದೂ ಆಗಲಿಲ್ಲ. ಹಚಿನ್ಸರ ಎಂಟರ ಸಂಸಾರಕ್ಕೂ ಹೆಚ್ಚುಕಡಮೆ ಇದೇ ಗತಿ. ಸೋಲೆಂದು ನಾನು ಹೇಳಲಾರೆ. ಹಲಗೆಯನ್ನು ಶ್ರುತಿಮಾಡುವ ಅವರ ವಿಧಾನವನ್ನು ಎಷ್ಟೋ ಕಮ್ಮಟಗಳು ಕೈಗೆತ್ತಿಕೊಂಡವು. ಎಂಟರಲ್ಲಿ ಆಲ್ಟೊ ಎಂಬುದನ್ನು ತೋಳಿನ ಮೇಲಿಡುವುದು ಕಷ್ಟ. ಚೆಲ್ಲೊ ವಾದಕ ಯೋ ಯೋ ಮಾ ಅದನ್ನು ಚೆಲ್ಲೊದಂತೆಯೇ ನೆಟ್ಟಗೆ ನಿಲ್ಲಿಸಿಕೊಂಡು ಬಾರ್ಟೋಕನ ವಿಯೋಲ ಕಾನ್ಚೆರ್ಟೊವನ್ನು ನುಡಿಸಿ ಧ್ವನಿಮುದ್ರಿಸಿದರು. 2002ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯ ಎಂಟನ್ನೂ ಪ್ರದರ್ಶನಕ್ಕಿಟ್ಟಾಗ ಹಚಿನ್ಸರಿಗೆ ತೊಂಬತ್ತು ದಾಟಿತ್ತು. ನಾನೂರಕ್ಕೂ ಹೆಚ್ಚು ವಾದ್ಯಗಳನ್ನು ಮಾಡಿ, 2009ರ ಆಗಸ್ಟಿನಲ್ಲಿ ಅವರು ತೀರಿಕೊಂಡರು.