ಉಳಿತಾಯ ಸಂಘಗಳ ಒಂದು ಕನ್ನಡ ಮೂಲ

ಕಳಂಬೋಲಿಯ ಕನ್ನಡಿಗರು ಮರಾಠಿಯಲ್ಲಿ ‘ಬಚತ್ ಗಟ್’ ಎಂದು ಕೇಳಿಬಲ್ಲ ಸ್ತ್ರೀಯರ ಉಳಿತಾಯ ಸಂಘಗಳ ಇತಿಹಾಸವನ್ನು ಅರಸುವವರು ಕನ್ನಡನಾಡಿಗೂ ಬರಬೇಕಾಗುತ್ತದೆ.

ಮೈರಾಡ ಸಂಸ್ಥೆಯು 1968ರಲ್ಲಿ, ಟಿಬೆಟಿನ ನಿರಾಶ್ರಿತರಿಗೆ ಮೈಸೂರು ರಾಜ್ಯದಲ್ಲಿ ನೆಲೆ ಕಲ್ಪಿಸಲೆಂದು ಹುಟ್ಟಿತು. ಆ ಕಾರ್ಯ ಮುಗಿದ ಬಳಿಕ, 1982ರ ಸುಮಾರಿಗೆ, ಅದರ ಗಮನವು ಹಳ್ಳಿಯ ಬಡವರತ್ತ ಹೊರಳಿತು. ಅದರ ನೆರವಿನಿಂದ ನಡೆಯುತ್ತಿದ್ದ ಕೆಲವು ದೊಡ್ಡ ಸಹಕಾರ ಸಂಘಗಳು 1984-85ರಲ್ಲಿ ಒಡೆದುಹೋದವು. ಆಗ ಸದಸ್ಯರು ಕೆಲವರು ತಮ್ಮ ಸಾಲವನ್ನು ಸಂಘಕ್ಕೆ ಕಟ್ಟಲೊಪ್ಪದೆ ಮೈರಾಡಕ್ಕೇ ಮರಳಿಸಲು ಬಂದರು. ಸಾಲ ತೀರಿಸುವ ಮನಸ್ಸು ಅವರಿಗಿದ್ದಿತು. ಸಂಘದ ಮೇಲೆ ನಂಬಿಕೆ ಉಳಿದಿರಲಿಲ್ಲ. ಆದುದರಿಂದ ಒಬ್ಬರನ್ನೊಬ್ಬರು ಬಲ್ಲ ಹದಿನೈದು-ಇಪ್ಪತ್ತು ಜನರ ಚಿಕ್ಕ ಗುಂಪುಗಳು ರೂಪುಗೊಂಡವು. ಉಳಿತಾಯ ಅವರದು, ಯಾರಿಗೆ, ಏತಕ್ಕೆ ಸಾಲವೆಂಬ ನಿರ್ಣಯವೂ ಅವರದೇ.

ಈ ಪ್ರಯೋಗಕ್ಕೆ 1987ರಲ್ಲಿ ನಬಾರ್ಡ್ 10 ಲಕ್ಷ ರೂಪಾಯಿಗಳ ಅನುದಾನವಿತ್ತಿತು. 1992ರಲ್ಲಿ ಅದೇ ಬ್ಯಾಂಕು, ದೇಶದಲ್ಲಿ 500 ಗುಂಪುಗಳನ್ನು ಬ್ಯಾಂಕುಗಳೊಡನೆ ಜೋಡಿಸುವ ಯೋಜನೆಯನ್ನು ಕೈಗೊಂಡಿತು. ಅಡವಿಡಲು ಏನೂ ಇಲ್ಲದ ಕುಟುಂಬಕ್ಕೆ ಗುಂಪಿನ ಜಾಮೀನೇ ಆಸ್ತಿಯಾಯಿತು.

ಇಂದು ಇಂಥ ಗುಂಪುಗಳು ದೇಶದಲ್ಲೆಲ್ಲ ಹರಡಿವೆ. ಪರಸ್ಪರ ನಂಬಿಕೆಯಿಂದ ಹುಟ್ಟಿದ ಈ ಪದ್ಧತಿಯು, ಸಂಖ್ಯೆಯ ಗುರಿ ಮುಟ್ಟಲೆಂದು ಮೇಲಿನವರು ಗುಂಪು ಕಟ್ಟಿಸಿದೆಡೆಯಲ್ಲಿಯೂ ಹಾಗೆಯೇ ಬಾಳೀತೆ ಎಂಬುದು ವಿಚಾರಿಸತಕ್ಕ ಸಂಗತಿಯಾಗಿದೆ.