ಹಾಲ್‌ಸ್ಟೆಡ್ ಬೀದಿಯ ಕಲ್ಲುಹಾಸು

1895ನೆಯ ಇಸವಿಯಲ್ಲಿ, ಚಿಕಾಗೋ ನಗರದ ಹತ್ತೊಂಬತ್ತನೆಯ ವಾರ್ಡಿನ ಗೃಹಿಣಿಯರು ಬೆಳಗಿನ ಆರು ಗಂಟೆಯ ಹೊತ್ತಿಗೆ ತಮ್ಮ ಬಾಗಿಲಿಗೆ ಬಂದು ನಿಂತು, ಕಸದ ಬಂಡಿಗಳ ಹಿಂದೆ ಹಿಂದೆಯೇ ಹೋಗಿ ಅವು ಎಲ್ಲಿ ನಿಂತವು, ಏನನ್ನು ತುಂಬಿಕೊಂಡವು, ಏನನ್ನು ಬಿಟ್ಟುಹೋದವು ಎಂಬುದನ್ನು ಕಣ್ಣಿಟ್ಟು ನೋಡುತ್ತಿದ್ದ ಒಬ್ಬ ಸುಶಿಕ್ಷಿತ ಮಹಿಳೆಯನ್ನು ಕಂಡು, ಹೆಂಗಸಾದವಳಿಗೆ ಇದೆಂಥ ಕೆಲಸವೆಂದು ಬೆರಗಾಗುತ್ತಿದ್ದರು. ಆಕೆ ಜೇನ್ ಆಡಮ್ಸ್. ವರ್ಷಕ್ಕೆ ಸಾವಿರ ಡಾಲರ್ ಸಂಬಳದ ಮೇಲೆ ನಗರಾಡಳಿತವು ಆಕೆಯನ್ನು ವಾರ್ಡಿನ ಕಸದ ಇನ್ಸ್‌ಪೆಕ್ಟರಾಗಿ ನೇಮಿಸಿತ್ತು. ಕಾಯಿಲೆ ಬಿದ್ದವರ ಶುಶ್ರೂಷೆ ಸ್ತ್ರೀಯ ಧರ್ಮವಾದರೆ, ಕಾಯಿಲೆಯನ್ನು ಹುಟ್ಟಿಸುವ ಕೊಳಕನ್ನು ಕಳೆಯುವುದು ಮಾತ್ರ ಹೇಗೆ ಪರಧರ್ಮವಾದೀತು ಎಂದು ನೆರೆಯ ಹೆಂಗಸರಿಗೆ ಆಕೆ ಸಮಾಧಾನ ಹೇಳಬೇಕಾಗುತ್ತಿತ್ತು. ಒಂದು ಕಿರುಬೀದಿಯಲ್ಲಿ ಹೀಗೆ ಕಸವನ್ನು ತೆಗೆಸುತ್ತ ಹೋದಾಗ, ಹದಿನೆಂಟು ಅಂಗುಲದ ಕೆಳಗೆ ಗಟ್ಟಿಯಾದ ಕಲ್ಲುಹಾಸು ಸಿಕ್ಕಿತು. ಅಲ್ಲೊಂದು ಹಾಸು ಇದ್ದೀತೆಂದು ಯಾರೂ ಭಾವಿಸಿರಲಿಲ್ಲ. ಅದು ಸಿಕ್ಕಿದ ಮೇಲೆ ಹುಡುಕಿದರೆ, ನಗರದ ದಫ್ತರದಲ್ಲಿ ಅದರ ದಾಖಲೆಯೂ ಇತ್ತು!

ಆಡಮ್ಸ್ ಅವರ ಹಲ್ ಹೌಸ್ ಎಂಬ ಸೇವಾಗೃಹವು 1889ರಲ್ಲಿ ಆರಂಭವಾದುದು ಹಾಲ್‌ಸ್ಟೆಡ್ ಬೀದಿಯಲ್ಲಿ. ಆ ಊರಿನ ಬೀದಿಗಳು ನಮ್ಮ ಪೇಟೆಯ ಬೀದಿಗಳಂತೆ ಗುಡಿ ಬಂದಲ್ಲಿ ತಿರುಗಿ, ಬಾವಿ ಬಂದಲ್ಲಿ ಬಳಸಿ ಹೋಗುವಂಥವಲ್ಲ. ನೂಲು ಹಿಡಿದು ಎಳೆದಂತೆ ಉತ್ತರದಿಂದ ದಕ್ಷಿಣಕ್ಕೆ ಮೈಲಿಗಟ್ಟಲೆ ಸಾಗುವ ಹಾಲ್‌ಸ್ಟೆಡ್, ಫಿಲಡೆಲ್ಫಿಯದ ಇಬ್ಬರು ಲೇವಾದೇವಿಗಾರ ಸೋದರರ ಹೆಸರನ್ನು ಹೊತ್ತು, ಒಂದೆಡೆ ಗ್ರೀಕರ, ಇಟಲಿಯವರ, ಯೆಹೂದ್ಯರ ವಠಾರಗಳನ್ನೂ, ಇನ್ನೂ ದಕ್ಷಿಣದಲ್ಲಿ 1865ರಿಂದ 1971ರವರೆಗೆ ನಡೆದ ಪ್ರಚಂಡವಾದ ದನದ ದೊಡ್ಡಿಗಳನ್ನೂ ಮುಟ್ಟಿಕೊಂಡು ಹೋಗುತ್ತಿತ್ತು. ಹಲ್ ಹೌಸಿನಿಂದ ಅದೇ ಬೀದಿಯಲ್ಲಿ ಉತ್ತರಕ್ಕೆ ಸುಮಾರು ಐದು ಮೈಲಿ ನಡೆದರೆ ಬೆಲ್ಮಾಂಟ್ ರಸ್ತೆ. ಅಲ್ಲಿಂದ ಗ್ರೇಸ್ ಬೀದಿಯವರೆಗಿನ ಮುಕ್ಕಾಲು ಮೈಲಿಯಷ್ಟು ಉದ್ದವೇ, ಸಲಿಂಗಾನುರಾಗಿಗಳ ಇರುಳ ವಿಹಾರಸ್ಥಾನವೆಂದು ಅಮೆರಿಕದಲ್ಲೆಲ್ಲ ಹೆಸರಾದ ಭಾಗ.

ಈ ಜನ ಹೀಗೆ ಒಂದು ಬೀದಿಯನ್ನು ತಮ್ಮದೆಂದು ಹೇಳಿಕೊಳ್ಳುವ ಮುನ್ನ ಬಹುಕಾಲ ಬೀದಿಗೇ ಅಂಜಿ ಬಾಳಿದರು. 1924ರಲ್ಲಿ ಹೆನ್ರಿ ಗರ್ಬರ್ ಎಂಬ ಅಂಚೆ ನೌಕರನು ಇದೇ ನಗರದಲ್ಲಿ ಮಾನವ ಹಕ್ಕುಗಳ ಸಂಘವೊಂದನ್ನು ಕ್ರಮಬದ್ಧವಾಗಿ ನೋಂದಾಯಿಸಿದನು. ಮರುವರ್ಷವೇ ದಸ್ತಗಿರಿಯಾಗಿ, ಇದ್ದ ನೌಕರಿಯನ್ನೂ ಕಳೆದುಕೊಂಡನು. ಇಲಿನಾಯ್ ಸಂಸ್ಥಾನವು 1961ರಲ್ಲಿ ದಂಡಸಂಹಿತೆಯನ್ನು ಪರಿಷ್ಕರಿಸಿ, ವಯಸ್ಕರ ಏಕಾಂತದ ಪ್ರಣಯವನ್ನು ಅಪರಾಧಗಳ ಪಟ್ಟಿಯಿಂದ ಕೈಬಿಟ್ಟಿತು. ಅಮೆರಿಕದಲ್ಲಿ ಹಾಗೆ ಮಾಡಿದ ಮೊದಲ ಸಂಸ್ಥಾನ ಅದು. ಕಾನೂನು ಸುಮ್ಮನಾದರೂ ಪೊಲೀಸರು ಸುಮ್ಮನಾಗಲಿಲ್ಲ. 1964ರ ಏಪ್ರಿಲಿನಲ್ಲಿ ನಗರದ ಹೊರವಲಯದ ಫನ್ ಲೌಂಜ್ ಎಂಬ ಪಾನಗೃಹದ ಮೇಲೆ ದಾಳಿ ನಡೆದು 109 ಮಂದಿ ಬಂಧಿತರಾದರು. ಅವರಲ್ಲಿ ಉಪಾಧ್ಯಾಯರೂ ಸರ್ಕಾರಿ ನೌಕರರೂ ಆಗಿದ್ದವರ ಹೆಸರುಗಳನ್ನು ಪತ್ರಿಕೆಗಳು ಅಚ್ಚುಮಾಡಿದವು. ನ್ಯಾಯಾಲಯವು ವಿಧಿಸಬಹುದಾಗಿದ್ದ ಯಾವ ದಂಡಕ್ಕಿಂತಲೂ ಈ ಅಚ್ಚಿನ ದಂಡವೇ ಘೋರವಾಗಿತ್ತೆಂಬುದನ್ನು, ಮರುದಿನ ಕೆಲಸಕ್ಕೆ ಹೋಗಬೇಕಾಗಿದ್ದ ಉಪಾಧ್ಯಾಯನನ್ನು ನೆನೆದುಕೊಂಡವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇಂಥ ಪಾನಗೃಹಗಳನ್ನು ಕೇವಲ ಕುಡಿಯುವ ಸ್ಥಳಗಳೆಂದು ಎಣಿಸಿದರೆ ಚರಿತ್ರೆ ಅರ್ಥವಾಗದು. ಮನೆಯಲ್ಲಿ ಹೇಳಲಾರದ, ಇಗರ್ಜಿಯಲ್ಲಿ ಒಪ್ಪಿಕೊಳ್ಳಲಾರದ, ಕಛೇರಿಯಲ್ಲಿ ಉಸುರಲಾರದ ಮಾತನ್ನು ಆಡಬಹುದಾದ ಜಗಲಿ ಅದೊಂದೇ ಆಗಿತ್ತು. ಹೊರಗಿನ ದೃಷ್ಟಿ ಒಳಗೆ ಬೀಳದಂತೆ ಕಿಟಕಿಗಳನ್ನು ಮುಚ್ಚಿದ ಜಗಲಿ ಎಂಬುದಷ್ಟೇ ವಿಶೇಷ. ನಗರದ ಮಧ್ಯಭಾಗದ ಸಮೀಪದಲ್ಲಿದ್ದ ಇವು, ಅಲ್ಲಿ ಬಾಡಿಗೆ ಏರಿದಂತೆಲ್ಲ, ಮನೆಗಳು ಹಳತಾಗಿ ಅಂಗಡಿಗಳು ಅಗ್ಗವಾಗಿ ದೊರೆಯುತ್ತಿದ್ದ ಉತ್ತರದ ಲೇಕ್ ವ್ಯೂ ಭಾಗಕ್ಕೆ ಸರಿದುವು. 1975ರಲ್ಲಿ ಹಾಲ್‌ಸ್ಟೆಡ್ ಬೀದಿಯ ಮೂಲೆಯೊಂದರಲ್ಲಿ ಲಿಟ್ಲ್ ಜಿಮ್ಸ್ ತೆರೆಯಿತು, 1982ರಲ್ಲಿ ಸೈಡ್‌ಟ್ರ್ಯಾಕ್. ಅದೇ ದಶಕದಲ್ಲಿ ಏಡ್ಸ್ ಮಹಾಮಾರಿ ಬಂದಾಗ, ಔಷಧಕ್ಕೂ ಉತ್ತರಕ್ರಿಯೆಗೂ ಚಂದಾ ಎತ್ತಿದ್ದು ಈ ಪಾನಗೃಹಗಳಲ್ಲೇ. 1988ರ ಡಿಸೆಂಬರಿನಲ್ಲಿ ನಗರಸಭೆಯು ಉದ್ಯೋಗದಲ್ಲಿಯೂ ವಸತಿಯಲ್ಲಿಯೂ ಇವರ ವಿಷಯದಲ್ಲಿ ಭೇದವೆಣಿಸಬಾರದೆಂಬ ಶಾಸನವನ್ನು ಅಂಗೀಕರಿಸಿತು.

ಮರುವರ್ಷ ಮೇಯರಾದ ರಿಚರ್ಡ್ ಎಂ. ಡೇಲಿ ಅವರಿಗೆ ಬೀದಿಗಳನ್ನು ಸಿಂಗರಿಸುವುದರಲ್ಲಿ ಅಪಾರವಾದ ಆಸಕ್ತಿ. ಯಾವ ಜನಾಂಗ ಯಾವ ಭಾಗದಲ್ಲಿ ನೆಲೆಸಿದೆಯೋ ಆ ಭಾಗದ ಬೀದಿಗೆ ಆ ಜನಾಂಗದ ಗುರುತನ್ನು ಕಟ್ಟಿಸುವುದು ಅವರ ಕ್ರಮ. ಡಿವಿಷನ್ ಬೀದಿಯಲ್ಲಿ ಪೋರ್ಟೊ ರಿಕೊದವರಿಗಾಗಿ 1995ರಲ್ಲಿ ಉಕ್ಕಿನ ಬೃಹತ್ ಧ್ವಜಗಳೆರಡು ಎದ್ದವು. ಹಾಲ್‌ಸ್ಟೆಡ್ಡಿನ ಗ್ರೀಕ್ ಪೇಟೆಯಲ್ಲಿ ಕಂಬಗಳ ಮಂಟಪಗಳು ತಲೆಯೆತ್ತಿದವು. 1997ರಲ್ಲಿ ಇದೇ ಹಾಲ್‌ಸ್ಟೆಡ್ಡಿನ ಉತ್ತರದ ಭಾಗಕ್ಕೆ ಕಾಲುದಾರಿಯ ದುರಸ್ತಿ, ಮರಗಳು, ದೀಪಗಳು, ಅವುಗಳೊಡನೆ ಕಾಮನಬಿಲ್ಲಿನ ಬಣ್ಣದ ಕಂಬಗಳು ಎಂಬ ಯೋಜನೆ ಪ್ರಕಟವಾದಾಗ, ಅದರ ನಿಜವಾದ ಹೊಸತನವಿದ್ದುದು ಬಣ್ಣದಲ್ಲಲ್ಲ: ಭಾಷೆಯಿಂದಲೋ ಹುಟ್ಟಿದ ದೇಶದಿಂದಲೋ ಒಂದಾಗದೆ, ಕೇವಲ ಒಲವಿನಿಂದ ಒಂದಾದ ಜನವನ್ನೂ ನಗರದ ಪಂಕ್ತಿಯಲ್ಲಿ ಕೂರಿಸಿ, ಎಲ್ಲರಿಗೂ ಹಾಕಿದ ಎಲೆಯನ್ನೇ ಅವರಿಗೂ ಹಾಕಿತೆಂಬುದರಲ್ಲಿ.

ಕೂಡಲೇ ಗಲಾಟೆಯೆದ್ದಿತು. ಮನೆಗಳ ಬೆಲೆ ಇಳಿದೀತೆಂದು ಕೆಲವರು ಹೆದರಿದರು. ಅಷ್ಟೇ ಆಗಿದ್ದರೆ ಅದು ಎಲ್ಲೆಡೆ ಕೇಳಿಬರುವ ಮಾತು. ಆದರೆ ಸಲಿಂಗಾನುರಾಗಿಗಳಲ್ಲಿಯೇ ಹಲವರು, ತಮಗೆ ಬೇಕಾದುದು ಎಲ್ಲರಂತೆ ಬಾಳುವ ಅವಕಾಶವೇ ಹೊರತು ಬೇಲಿ ಹಾಕಿ ಹೆಸರು ಬರೆದ ಕೇರಿಯಲ್ಲವೆಂದು ಆಕ್ಷೇಪಿಸಿದರು. ಕೇರಿಯೆಂಬ ಮಾತಿನ ಭಾರವನ್ನು ಬಲ್ಲ ನಮ್ಮಂಥವರು ಈ ಆಕ್ಷೇಪವನ್ನು ಲಘುವಾಗಿ ತಳ್ಳಿಹಾಕುವಂತಿಲ್ಲ. ನಕ್ಷೆ ತಿದ್ದುಪಡಿಯಾಯಿತು, ಆಡಂಬರ ತಗ್ಗಿತು. 1998ರ ಕೊನೆಯ ಹೊತ್ತಿಗೆ ಸುಮಾರು 32 ಲಕ್ಷ ಡಾಲರ್ ವೆಚ್ಚದಲ್ಲಿ ಕೆಲಸ ಮುಗಿದು, ಇಪ್ಪತ್ತೈದು ಅಡಿ ಎತ್ತರದ, ಮೇಲೆ ಮೇಲೆ ಸಣ್ಣಗಾಗುತ್ತ ಮೊನೆಯಾಗುವ ಕಂಬಗಳು, ಮೈಗೆ ಬಳೆಗಳನ್ನು ತೊಡಿಸಿದಂತೆ ಬಣ್ಣದ ಉಂಗುರಗಳನ್ನು ಧರಿಸಿ ಬೀದಿಯ ಇಕ್ಕೆಲಗಳಲ್ಲಿ ನಿಂತವು. ಆಕಾಶದ ಆ ಬಿಲ್ಲನ್ನು ಮನ್ಮಥನದೆಂದು ಹೆಸರಿಸಿದ ನಮ್ಮ ಭಾಷೆಗೆ ಈ ಚಿಹ್ನೆಯ ಔಚಿತ್ಯವನ್ನು ವಿವರಿಸುವ ಶ್ರಮವಿಲ್ಲ.

ಬೀದಿಯ ಉದ್ಧಾರವೆಂಬ ಮಾತನ್ನು ಕೇಳಿದೊಡನೆ ಹಿಗ್ಗಬಾರದೆಂಬುದಕ್ಕೆ ಹಾಲ್‌ಸ್ಟೆಡ್ಡಿನ ಇನ್ನೊಂದು ತುದಿಯೇ ಸಾಕ್ಷಿ. 1960ರ ದಶಕದಲ್ಲಿ ನಗರದ ನವೀಕರಣವೆಂಬ ಹೆಸರಿನಲ್ಲಿ, ವಿಶ್ವವಿದ್ಯಾನಿಲಯದ ಆವರಣಕ್ಕಾಗಿ, ಹಲ್ ಹೌಸಿನ ಸುತ್ತಣ ಇಟಾಲಿಯನ್ ಮತ್ತು ಗ್ರೀಕ್ ಮನೆಗಳನ್ನು ನೆಲಸಮ ಮಾಡಲಾಯಿತು. ಫ್ಲಾರೆನ್ಸ್ ಸ್ಕಾಲಾ ಎಂಬ ದರ್ಜಿಯ ಮಗಳು ನೆರೆಹೊರೆಯ ಹೆಂಗಸರನ್ನು ಕಟ್ಟಿಕೊಂಡು ಹೋರಾಡಿ ಸೋತಳು. ಆಡಮ್ಸ್ ಅವರ ಹದಿಮೂರು ಕಟ್ಟಡಗಳಲ್ಲಿ ಉಳಿದುವು ಎರಡು. ಮುಂದೆ ಮಂಟಪಗಳಿಂದ ಸನ್ಮಾನಿತವಾದ ಗ್ರೀಕ್ ಪೇಟೆಯು ಹಾಗೆ ಕಿತ್ತೆಸೆದ ಪೇಟೆಯ ಶೇಷ. ಉತ್ತರದಲ್ಲಿ ಬುಲ್ಡೋಜರು ಬರಲಿಲ್ಲ, ಬಾಡಿಗೆ ಬಂದಿತು. ಬೆಲೆ ಇಳಿದೀತೆಂದು ಅಂಜಿದವರ ಅಂಜಿಕೆ ಸುಳ್ಳಾಗಿ, ಅಗ್ಗದ ಕೋಣೆಯನ್ನರಸಿ ಬಂದಿದ್ದವರ ವಾರಸುದಾರರು ಇನ್ನೂ ಉತ್ತರಕ್ಕೆ ಸರಿಯಬೇಕಾಯಿತು. 2011ರ ಬೇಸಿಗೆಯಲ್ಲಿ, ದಕ್ಷಿಣದ ಮತ್ತು ಪಶ್ಚಿಮದ ಬಡ ಕೇರಿಗಳಿಂದ ಆಶ್ರಯವನ್ನರಸಿ ಇಲ್ಲಿಗೆ ಬರುತ್ತಿದ್ದ ಕರಿಯ ತರುಣ ತರುಣಿಯರ ಮೇಲೆ ನಿವಾಸಿಗಳು ಸಭೆ ಸೇರಿ ದೂರಿದಾಗ, ಕಂಬಗಳ ನೆರಳು ಯಾರಿಗೆ ಸಲ್ಲತಕ್ಕದ್ದೆಂಬ ಜಗಳವು ಬಹಿರಂಗವಾಯಿತು. ಗಂಡುಹುಡುಗರ ಊರು ಎಂಬ ಅರ್ಥದ ‘ಬಾಯ್ಸ್‌ಟೌನ್’ ಎಂಬ ರೂಢಿಯ ಹೆಸರನ್ನು, ಅದರಲ್ಲಿ ಸ್ತ್ರೀಯರಿಗೂ ಲಿಂಗಪರಿವರ್ತಿತರಿಗೂ ಎಡೆಯಿಲ್ಲವೆಂಬ ಆಕ್ಷೇಪ ಬಂದ ಕಾರಣ, ವರ್ತಕರ ಸಂಘವು 2020ರಲ್ಲಿ ತನ್ನ ಪ್ರಚಾರದಿಂದ ಕೈಬಿಟ್ಟಿತು. ಅದೇ ವರ್ಷ ಲಿಟ್ಲ್ ಜಿಮ್ಸ್ ಮುಚ್ಚಿ, ಏಡ್ಸ್ ಕಾಲದಲ್ಲಿ ಈ ಜನರ ಆಸರೆಯಾಗಿದ್ದ ಆರೋಗ್ಯಸಂಸ್ಥೆಯೊಂದು ಆ ಮೂಲೆಯನ್ನು ಕೊಂಡಿತು.

ಕಂಬಗಳಿಗೆ 2012ರ ಅಕ್ಟೋಬರಿನಿಂದ ಕಂಚಿನ ಫಲಕಗಳನ್ನು ಜೋಡಿಸತೊಡಗಿದರು. ಊರ ಮುಂದಣ ವೀರಗಲ್ಲುಗಳಂತೆ ಇವು. ಆದರೆ ತುರು ಕಾದು ಸತ್ತವರವಲ್ಲ, ಮಾತು ಕಾದು ಬಾಳಿದವರವು. ಗಣಿತಜ್ಞ ಆಲನ್ ಟ್ಯೂರಿಂಗ್, ಕರಿಯರ ಪೌರಹಕ್ಕುಗಳಿಗಾಗಿ ಹೋರಾಡಿದ ಬೇಯಾರ್ಡ್ ರಸ್ಟಿನ್ ಮೊದಲಾದವರ ಸಾಲಿನಲ್ಲಿ ಜೇನ್ ಆಡಮ್ಸ್ ಕೂಡ ಇದ್ದಾರೆ. ನಾಲ್ಕು ದಶಕಗಳ ಕಾಲ ಮೇರಿ ರೋಜೆಟ್ ಸ್ಮಿತ್ ಅವರೊಡನೆ ಬಾಳನ್ನು ಹಂಚಿಕೊಂಡು, 1904ರಲ್ಲಿ ಇಬ್ಬರೂ ಕೂಡಿ ಸಮುದ್ರತೀರದಲ್ಲಿ ಬೇಸಿಗೆಯ ಮನೆಯೊಂದನ್ನು ಕೊಂಡ ಆ ಮಹಿಳೆ ತಮ್ಮನ್ನು ಯಾವ ಹೆಸರಿನಿಂದಲೂ ಕರೆದುಕೊಂಡವರಲ್ಲ. ಆದಕಾರಣ ಈಗಿನವರು ಆಕೆಗೆ ಕಂಚಿನಲ್ಲಿ ಕೊಟ್ಟ ಹೆಸರು ಎಷ್ಟು ಉಚಿತವೆಂಬ ಸಂದೇಹ ನನ್ನಿಂದ ಪೂರ್ತಿಯಾಗಿ ದೂರವಾಗಿಲ್ಲ. ಕಿರುಬೀದಿಯ ಕಲ್ಲುಹಾಸಿನ ದಾಖಲೆ ದಫ್ತರದಲ್ಲಿ ಸಿಕ್ಕಿದಾಗ ವಿಜಯೋತ್ಸಾಹದಿಂದ ಬೀಗಿದ ಆಕೆ, ಸ್ಮಿತ್ ತಮಗೆ ಬರೆದ ಕಾಗದಗಳಲ್ಲಿ ಬಹಳಷ್ಟನ್ನು ತಾವೇ ನಾಶಮಾಡಿದರು.